ಬೋರ್ಡಿಲ್ಲದ ಬೆಟ್ಟದಲ್ಲಿ ದಾರಿ ಹಿಡಿಯುವುದು

ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ, ಪಶ್ಚಿಮ ಘಟ್ಟದ ಗುಡ್ಡಗಳ ಮೇಲೆ ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ. ಕೆಲವು ಕಡೆ ಆಳೆತ್ತರ. ಫೆಬ್ರವರಿಯಲ್ಲಿ ದೂರದಿಂದಲೇ ಕೆಂಪಗೆ ಕಾಣುತ್ತಿದ್ದ ಕಾಲುದಾರಿ ಆಗ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ದಾರಿ ಅಲ್ಲೇ ಇದೆ, ಹುಲ್ಲಿನ ಬುಡದಲ್ಲಿ. ಕಾಲಿಗೆ ಸಿಗುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಸ್ವಿಟ್ಜರ್ಲೆಂಡಿನಂಥ ಕಡೆ ಬೆಟ್ಟದ ದಾರಿಯುದ್ದಕ್ಕೂ ಬಂಡೆಗಳಿಗೆ ಬಿಳಿ-ಕೆಂಪು-ಬಿಳಿ ಪಟ್ಟೆ ಬಳಿದಿರುತ್ತಾರೆ. ಪಟ್ಟೆ ನೋಡಿಕೊಂಡು ನಡೆದರೆ ಸಾಕು. ನಮ್ಮ ಕಡೆ ಹಾಗಿಲ್ಲ. ಹೆಸರಾದ ಕೆಲವು ಚಾರಣದ ದಾರಿಗಳಲ್ಲಿ ಒಂದಷ್ಟು ಬಾಣದ ಗುರುತು ಸಿಗಬಹುದು. ಅದು ಬಿಟ್ಟರೆ ಹಳ್ಳಿಯವರು, ದನಕರು, ಕಾಡುಪ್ರಾಣಿ ನಡೆದ ಜಾಡುಗಳೇ ಎಲ್ಲ. ಅವು ಒಂದಕ್ಕೊಂದು ಸೇರುತ್ತವೆ, ಕವಲೊಡೆಯುತ್ತವೆ, ಇದ್ದಕ್ಕಿದ್ದಂತೆ ನಿಂತು ಹೋಗುತ್ತವೆ.

ಇಂಥ ಕಡೆ ಹೆಚ್ಚಿನವರು ಕಾಲ ಕೆಳಗಿನ ಜಾಡನ್ನೇ ನೋಡುತ್ತಾ ಹೋಗುತ್ತಾರೆ. ಜಾಡು ನಿಂತಾಗ ತಾವು ಬೆಟ್ಟದ ಯಾವ ಭಾಗದಲ್ಲಿ ಇದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ. ಮೊದಲು ಬೆಟ್ಟ ಅರ್ಥವಾಗಬೇಕು, ದಾರಿ ಆಮೇಲೆ. ಬೆಟ್ಟದ ಆಕಾರ ಮನಸ್ಸಿನಲ್ಲಿದ್ದರೆ, ದಾರಿ ಎಲ್ಲಿ ಇರಲೇಬೇಕು, ಎಲ್ಲಿ ಇರಲು ಸಾಧ್ಯವೇ ಇಲ್ಲ ಅನ್ನುವುದು ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಈ ಜಾಡು ಯಾರದ್ದು?

ಯಾವ ಜಾಡೂ ಸುಮ್ನೆ ಹುಟ್ಟುವುದಿಲ್ಲ. ಯಾರೋ, ಯಾವುದೋ ಕೆಲಸಕ್ಕೆ, ಮತ್ತೆ ಮತ್ತೆ ನಡೆದಿರುತ್ತಾರೆ. ಆ ಕೆಲಸ ಯಾವುದು ಅಂತ ಊಹಿಸಿದರೆ ಜಾಡು ಎಲ್ಲಿಗೆ ಹೋಗುತ್ತದೆ ಅನ್ನುವುದೂ ತಿಳಿಯುತ್ತದೆ.

ದನಗಳಿಗೆ ಬೇಕಾದದ್ದು ಹುಲ್ಲು. ಹಳ್ಳಿಯಿಂದ ಹೊರಡುವಾಗ ದನದ ಜಾಡು ಅಗಲವಾಗಿ, ಗಟ್ಟಿಯಾಗಿ, ತುಂಬಾ ನಂಬಿಕೆ ಹುಟ್ಟಿಸುವ ಹಾಗೆ ಇರುತ್ತದೆ. ಗುಡ್ಡದ ಇಳಿಜಾರು ಸಿಕ್ಕ ಮೇಲೆ ಅದು ಹತ್ತಾರು ಎಳೆಗಳಾಗಿ ಒಡೆಯುತ್ತದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಅಡ್ಡಡ್ಡ ಹೋಗುತ್ತವೆ. ಮೇಯುವ ಜಾಗ ಬಂದಾಗ ಮಾಯ. ಹಾಗಾಗಿ ಇಳಿಜಾರಿನಲ್ಲಿ ಒಂದರ ಮೇಲೊಂದು ಸಾಲುಸಾಲಾಗಿ ಜಾಡು ಕಂಡರೆ ಅವುಗಳಲ್ಲಿ ಯಾವುದು ಸರಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬಹುಶಃ ಯಾವುದೂ ಅಲ್ಲ.

ಕಾಡುಕೋಣ, ಕಡವೆಗಳ ಜಾಡು ಹುಲ್ಲಿನಿಂದ ಕಾಡಿಗೆ, ಕಾಡಿನಿಂದ ನೀರಿಗೆ ಹೋಗುತ್ತದೆ. ಕಾಡಿನ ಅಂಚಿಗೆ ಬಂದಾಗ ಬಗ್ಗಿ ನೋಡಿ. ನೆಲದಿಂದ ಎದೆ ಮಟ್ಟದವರೆಗೆ ಚೆನ್ನಾಗಿ ಬಿಡುವಾಗಿದ್ದು, ಅದರ ಮೇಲೆ ಬಳ್ಳಿ, ಕೊಂಬೆಗಳು ಮುಖಕ್ಕೆ ಬಡಿಯುವ ಹಾಗಿದ್ದರೆ ಅದು ಮನುಷ್ಯರು ಓಡಾಡುವ ದಾರಿ ಅಲ್ಲ. ಮನುಷ್ಯರ ದಾರಿಯಲ್ಲಿ ತಲೆಯ ಮಟ್ಟದಲ್ಲೂ ಜಾಗ ಇರುತ್ತದೆ. ಕೊಂಬೆಗಳಲ್ಲಿ ಕತ್ತಿಯಿಂದ ಓರೆಯಾಗಿ ಕಡಿದ ಗುರುತು ಸಿಗುತ್ತದೆ. ಪ್ರಾಣಿ ಮುರಿದ ಕೊಂಬೆ ಸಿಗಿದಿರುತ್ತದೆ, ಕತ್ತಿ ಕಡಿದ ಕೊಂಬೆಯ ತುದಿ ನುಣ್ಣಗಿರುತ್ತದೆ. ಹಳೆಯ ಕಡಿತ ಕಪ್ಪಾಗಿರುತ್ತದೆ, ಆದರೂ ಆ ಓರೆ ಹಾಗೇ ಉಳಿದಿರುತ್ತದೆ.

ಆನೆಯ ದಾರಿ ಬೇರೆಯೇ. ಅಷ್ಟು ಭಾರದ ಪ್ರಾಣಿ ಕಡಿದಾದ ಕಡೆ ನುಗ್ಗುವುದು ಕಡಿಮೆ. ಅದು ಬೆಟ್ಟದ ಬೆನ್ನಿನ ಮೇಲೆ, ಎರಡು ನೆತ್ತಿಗಳ ನಡುವಿನ ತಗ್ಗಿನಲ್ಲಿ, ಹದವಾದ ಏರಿನಲ್ಲಿ ದಾರಿ ಮಾಡಿಕೊಂಡಿರುತ್ತದೆ. ನಡೆಯಲು ಎಷ್ಟು ಸಲೀಸು ಅಂದರೆ ಅದೇ ಸರಿಯಾದ ದಾರಿ ಅನ್ನಿಸುತ್ತದೆ. ಆದರೆ ಆನೆಗೆ ಹೋಗಬೇಕಾದದ್ದು ನೀರಿಗೆ, ಬಿದಿರಿಗೆ. ಹಸಿ ಲದ್ದಿ ಕಂಡರೆ ಮುಂದಕ್ಕೆ ಹೆಜ್ಜೆ ಇಡದೆ ಬಂದ ದಾರಿಯಲ್ಲೇ ಹಿಂತಿರುಗಿ.

ದಾರಿಯ ಹಾಗೆ ಕಂಡು ಮೋಸ ಮಾಡುವ ಇನ್ನೊಂದು ಮಳೆನೀರಿನ ಕೊರಕಲು. ಇದರ ತಳ ನೋಡಿದರೆ ಗೊತ್ತಾಗುತ್ತದೆ. ನೀರು ಹರಿದ ಜಾಗದಲ್ಲಿ ಮಣ್ಣು ತೊಳೆದು ಹೋಗಿ ಜಲ್ಲಿಕಲ್ಲು ಉಳಿದಿರುತ್ತದೆ, ತಳ ಚೂಪಾಗಿರುತ್ತದೆ, ಇಳಿಜಾರಿನಲ್ಲಿ ನೇರವಾಗಿ ಕೆಳಗಿಳಿಯುತ್ತದೆ. ಕಾಲು ತುಳಿದ ದಾರಿಯ ತಳ ಚಪ್ಪಟೆ, ಮಣ್ಣು ಗಟ್ಟಿ, ಓರೆಯಾಗಿ ಸಾಗುತ್ತದೆ.

ಬಂಡೆ ಹಾಸಿನ ಮೇಲೆ ಬಂದಾಗ ಎಲ್ಲರೂ ತಡವರಿಸುತ್ತಾರೆ. ಅಲ್ಲಿ ಮಣ್ಣಿಲ್ಲ, ಹೆಜ್ಜೆ ಮೂಡುವುದಿಲ್ಲ. ಆದರೆ ಬಂಡೆಯ ಮೇಲೆ ಬೂದು, ಕಪ್ಪು ಬಣ್ಣದ ಕಲ್ಲುಹೂವು ಬೆಳೆದಿರುತ್ತದೆ. ವರ್ಷಗಟ್ಟಲೆ ಕಾಲು ಬಿದ್ದ ಕಡೆ ಅದು ಉಜ್ಜಿ ಹೋಗಿ ಬಂಡೆ ಸ್ವಲ್ಪ ಬಿಳಿಚಿಕೊಂಡಿರುತ್ತದೆ. ನಿಂತು ಕೆಳಗೆ ನೋಡಿದರೆ ಇದು ಕಾಣುವುದಿಲ್ಲ. ಕುಕ್ಕರಗಾಲಲ್ಲಿ ಕೂತು, ಹತ್ತು-ಹದಿನೈದು ಮೀಟರ್ ಮುಂದಕ್ಕೆ ದೃಷ್ಟಿ ಹಾಯಿಸಿದರೆ ಬಿಳಿಚಿದ ಪಟ್ಟಿ ಎದ್ದು ಕಾಣುತ್ತದೆ. ಹುಲ್ಲಿನಲ್ಲೂ ಹಾಗೇ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲಿನಲ್ಲಿ ತುಳಿದ ಹುಲ್ಲಿನ ನೆರಳು ಗೊತ್ತಾಗುತ್ತದೆ. ನಡು ಮಧ್ಯಾಹ್ನ ಅದೇ ಜಾಗ ಒಂದೇ ಬಣ್ಣದ ಚಾಪೆ.

ಕವಲಿನ ವಿಷಯದಲ್ಲಿ ಒಂದು ಮಾತು. ಎರಡರಲ್ಲಿ ಹೆಚ್ಚು ಸವೆದದ್ದೇ ಸರಿಯಾದ ದಾರಿ ಅಂತ ಅಂದುಕೊಳ್ಳಬೇಡಿ. ತಪ್ಪು ಕವಲಿಗೆ ಹೋದವರು ಸ್ವಲ್ಪ ದೂರ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ, ಅಲ್ವಾ? ಒಬ್ಬೊಬ್ಬರಿಂದಲೂ ಅದಕ್ಕೆ ಎರಡೆರಡು ಸಲ ತುಳಿತ. ಹಾಗಾಗಿ ಜನ ಜಾಸ್ತಿ ಓಡಾಡುವ ಬೆಟ್ಟಗಳಲ್ಲಿ ತಪ್ಪು ಕವಲು ಮೊದಲ ನೂರಿನ್ನೂರು ಮೀಟರ್ ಚೆನ್ನಾಗಿಯೇ ಸವೆದಿರುತ್ತದೆ. ಆಮೇಲೆ ಒಮ್ಮೆಗೇ ತೆಳುವಾಗುತ್ತದೆ. ಹೀಗೆ ತೆಳುವಾದದ್ದು ಗಮನಕ್ಕೆ ಬಂದ ಕ್ಷಣದಲ್ಲೇ ನಿಲ್ಲಬೇಕು. ಹೋಗಬಾರದ ಕವಲಿಗೆ ಸೊಪ್ಪಿನ ಕೊಂಬೆ ಅಡ್ಡ ಹಾಕಿ ಹಿಂದೆ ಬರುವವರಿಗೆ ತಿಳಿಸುವ ರೂಢಿ ಮಲೆನಾಡಿನಲ್ಲಿ ಇದೆ. ಅಡ್ಡ ಬಿದ್ದ ಕೊಂಬೆ ಕಂಡರೆ ದಾಟಿ ಹೋಗುವ ಮುಂಚೆ ಅದು ಮುರಿದು ಬಿದ್ದದ್ದೋ, ಕಡಿದು ಹಾಕಿದ್ದೋ ನೋಡಿ.

ಕಾಡು ಎಲ್ಲಿ, ಹುಲ್ಲು ಎಲ್ಲಿ

ಕುದುರೆಮುಖ, ಬಲ್ಲಾಳರಾಯನ ದುರ್ಗ, ಪುಷ್ಪಗಿರಿ, ತಡಿಯಂಡಮೋಳ್ — ಈ ಕಡೆಯ ಬೆಟ್ಟಗಳಿಗೆ ಒಂದು ದೊಡ್ಡ ಅನುಕೂಲ ಇದೆ. ಮೇಲ್ಭಾಗದಲ್ಲಿ ಹುಲ್ಲುಗಾವಲು, ನಡುನಡುವೆ ಶೋಲಾ ಕಾಡು. ಶೋಲಾ ಬೆಳೆಯುವುದು ಬೆಟ್ಟದ ಮಡಿಕೆಗಳಲ್ಲಿ, ಅಂದರೆ ನೀರು ಇಳಿಯುವ ತಗ್ಗುಗಳಲ್ಲಿ. ಉಬ್ಬಿದ ಭಾಗದಲ್ಲಿ ಹುಲ್ಲು. ಹಾಗಾಗಿ ದೂರದಿಂದ ಒಂದು ಬೆಟ್ಟವನ್ನು ನೋಡಿದಾಗ ಕಡು ಹಸಿರಿನ ಬೆರಳುಗಳೆಲ್ಲ ತಗ್ಗು ಮತ್ತು ನೀರು, ತಿಳಿ ಹಸಿರಿನ ಪಟ್ಟಿಗಳೆಲ್ಲ ದಿಣ್ಣೆ ಅಂತ ಲೆಕ್ಕ. ನಕ್ಷೆ ಇಲ್ಲದೆಯೇ ಬೆಟ್ಟದ ಮೂಳೆ ಎಲ್ಲಿದೆ ಅಂತ ಕಾಣುತ್ತದೆ.

ಹಳೆಯ ದಾರಿಗಳು ಸಾಮಾನ್ಯವಾಗಿ ಬೆಟ್ಟದ ಬೆನ್ನನ್ನೇ ಹಿಡಿಯುತ್ತವೆ. ಕಾರಣ ಸರಳ. ಮಡಿಕೆಯಲ್ಲಿ ಜಾರುವ ಕಲ್ಲು, ಬಿದ್ದ ಮರ, ಉಂಬಳ (ಜಿಗಣೆ). ಬೆನ್ನಿನ ಮೇಲೆ ನೆಲ ಒಣಗಿರುತ್ತದೆ, ನೋಟ ಸಿಗುತ್ತದೆ, ಎರಡೂ ಕಡೆ ಇಳಿಜಾರು ಇರುವುದರಿಂದ ದಾರಿ ಬಿಟ್ಟರೆ ಕಾಲಿಗೇ ತಿಳಿಯುತ್ತದೆ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟಬೇಕಾದರೆ ಎರಡು ನೆತ್ತಿಗಳ ನಡುವೆ ಎಲ್ಲಿ ಅತಿ ತಗ್ಗಿದೆಯೋ ಅಲ್ಲಿ ದಾಟುತ್ತವೆ. ಜಾಡು ಕಳೆದು ಹೋದಾಗ ಸುತ್ತ ನೋಡಿ ಆ ತಗ್ಗನ್ನು ಗುರುತಿಸಿ. ದಾರಿ ಅಲ್ಲಿಗೆ ಬಂದೇ ಬರುತ್ತದೆ ಅನ್ನುವ ಸಾಧ್ಯತೆ ತುಂಬಾ ಜಾಸ್ತಿ.

ಇಲ್ಲಿ ಒಂದು ಸಲಹೆಯ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. "ದಾರಿ ತಪ್ಪಿದರೆ ಹಳ್ಳ ಹಿಡಿದು ಕೆಳಗಿಳಿಯಿರಿ, ಊರು ಸಿಗುತ್ತದೆ" ಅಂತ ಎಲ್ಲ ಕಡೆ ಹೇಳುತ್ತಾರೆ. ಪಶ್ಚಿಮ ಘಟ್ಟದ ಅಂಚಿನಲ್ಲಿ ಇದು ಪ್ರಾಣ ತೆಗೆಯುವ ಸಲಹೆ. ಘಟ್ಟದ ಪೂರ್ವ ಬದಿ ನಿಧಾನವಾಗಿ ಇಳಿಯುತ್ತದೆ. ಪಶ್ಚಿಮ ಬದಿ ಹಾಗಲ್ಲ. ಅದು ಕರಾವಳಿಯ ಕಡೆಗೆ ಒಮ್ಮೆಗೇ ಕುಸಿಯುತ್ತದೆ. ಮೇಲೆ ಹುಲ್ಲಿನಲ್ಲಿ ಪಾದ ತೋಯುವಷ್ಟು ಹರಿಯುವ ತೊರೆ ಅಂಚಿಗೆ ಬಂದು ಜಲಪಾತವಾಗುತ್ತದೆ. ಬಲ್ಲಾಳರಾಯನ ದುರ್ಗದ ಕಡೆಯಿಂದ ಹೋಗುವವರು ನೋಡುವ ಬಂಡಾಜೆ ಅರ್ಬಿ ಹೀಗೆಯೇ. ನೀರು ಮೇಲೆ ಶಾಂತವಾಗಿ ಬಂದು ಸುಮಾರು 200 ಅಡಿ ಕೆಳಗೆ ಬೀಳುತ್ತದೆ. ಹಳ್ಳ ಹಿಡಿದು ಇಳಿದವರು ಮೊದಲು ಆಳೆತ್ತರದ ಒಂದು ಬಂಡೆ ಇಳಿಯುತ್ತಾರೆ. ಆಮೇಲೆ ಇನ್ನೊಂದು. ಮೂರನೆಯದನ್ನು ಇಳಿಯಲು ಆಗುವುದಿಲ್ಲ, ಇಳಿದ ಎರಡನ್ನು ಹತ್ತಲೂ ಆಗುವುದಿಲ್ಲ. ಜೊತೆಗೆ ನೀರಿನ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ, ಕೊರಕಲಿನಲ್ಲಿ ಫೋನ್ ಸಿಗ್ನಲ್ಲೂ ಇರುವುದಿಲ್ಲ. ದಾರಿ ತಪ್ಪಿದರೆ ಇಲ್ಲಿ ಹೋಗಬೇಕಾದದ್ದು ಮೇಲಕ್ಕೆ, ಬೆನ್ನಿಗೆ.

ಅಲ್ಲಿನ ಜನ ದಾರಿ ಹೇಳುವ ರೀತಿಯನ್ನು ಗಮನಿಸಿ ಕೇಳಿ. "ಗದ್ದೆ ದಾಟಿ, ಹಳ್ಳ ಎಡಕ್ಕೆ ಬಿಟ್ಟು ದಿಣ್ಣೆ ಹತ್ತಿ. ಕಾಡು ಸಿಕ್ತದೆ, ಒಳಗೆ ಇಳೀಬೇಡಿ ಮಾರಾಯ್ರೆ, ಅಂಚಲ್ಲೇ ಹೋಗಿ." ಕೇಳಿಸಿಕೊಂಡವರಿಗೆ ಇದು ಅರ್ಧಂಬರ್ಧ ಅನ್ನಿಸುತ್ತದೆ, ಎಷ್ಟು ಕಿಲೋಮೀಟರ್ ಅಂತ ಕೇಳುತ್ತಾರೆ. ಆದರೆ ಬೇಕಾದ್ದೆಲ್ಲ ಈ ಮಾತಿನಲ್ಲೇ ಇದೆ. ಗದ್ದೆ ದಾಟಿದಾಗ ಸರಿಯಾಗಿ ಹೊರಟಿದ್ದೇವೆ ಅಂತ ಖಾತ್ರಿ. ಹಳ್ಳ ಎಡಗಡೆಯೇ ಇರಬೇಕು, ಬಲಗಡೆ ನೀರಿನ ಸದ್ದು ಕೇಳಿದರೆ ಎಲ್ಲೋ ಅಡ್ಡದಾಟಿದ್ದೇವೆ. ಏರು ನಿಂತು ಇಳಿತ ಶುರುವಾದರೆ ತಪ್ಪು. ಕಾಡಿನೊಳಗೆ ಕಾಲಿಟ್ಟರೆ ತಪ್ಪು. ಒಂದೇ ಉಸಿರಿನಲ್ಲಿ ಹಿಡಿಯಬೇಕಾದ ಜೊತೆ ಯಾವುದು, ದಾಟಬಾರದ ಗಡಿ ಯಾವುದು ಎರಡನ್ನೂ ಹೇಳಿಬಿಟ್ಟರು. ದೂರ ಕೇಳಿದರೆ "ಇಲ್ಲೇ" ಅನ್ನುತ್ತಾರೆ, ಅದನ್ನು ನೆಚ್ಚಬೇಡಿ. "ತಪ್ಪು ದಾರಿಗೆ ಹೋದರೆ ಏನು ಸಿಗುತ್ತದೆ?" ಅಂತ ಕೇಳಿ. ಈ ಪ್ರಶ್ನೆಗೆ ಸಿಗುವ ಉತ್ತರ ಬಹಳ ಉಪಯೋಗಕ್ಕೆ ಬರುತ್ತದೆ.

ನಕ್ಷೆ, ಗಡಿಯಾರ, ಫೋನ್

ಸರ್ವೇ ಆಫ್ ಇಂಡಿಯಾ ಶುರುವಾದದ್ದು 1767ರಲ್ಲಿ. ಅದು ತಯಾರಿಸುವ 1:50,000 ಅಳತೆಯ ನಕ್ಷೆಗಳು ಈಗ ಸಾರ್ವಜನಿಕರಿಗೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಈ ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಕಂದು ಬಣ್ಣದ ಕಾಂಟೂರ್ ಗೆರೆಗಳು ಒಂದೇ ಎತ್ತರದ ಜಾಗಗಳನ್ನು ಜೋಡಿಸುತ್ತವೆ. ಸಾಮಾನ್ಯವಾಗಿ ಒಂದು ಗೆರೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಸಲೀಸು. ಗೆರೆಗಳ ಚೂಪು ತುದಿ ನೆತ್ತಿಯ ಕಡೆ ತೋರಿಸುತ್ತಿದ್ದರೆ ಅದು ಹಳ್ಳ, ತಪ್ಪಲಿನ ಕಡೆ ಚಾಚಿದ್ದರೆ ಅದು ಬೆನ್ನು. ಇಷ್ಟು ಕಲಿತರೆ ಮನೆಯಲ್ಲಿ ಕೂತೇ ಬೆಟ್ಟದ ಆಕಾರ ಕಣ್ಣಮುಂದೆ ಬರುತ್ತದೆ. ಒಂದು ಎಚ್ಚರ: 20 ಮೀಟರಿಗೊಂದು ಗೆರೆ ಇದ್ದಾಗ 15 ಮೀಟರಿನ ನೆಟ್ಟನೆಯ ಬಂಡೆ ಎರಡು ಗೆರೆಗಳ ನಡುವೆ ಅಡಗಿ ಹೋಗಬಹುದು. ನಕ್ಷೆಯಲ್ಲಿ ಕಾಣದ ಪ್ರಪಾತ ನೆಲದ ಮೇಲೆ ಇರಬಹುದು ಅಂತ ನೆನಪಿಡಿ.

ದಾರಿ ಹಿಡಿಯುವುದರಲ್ಲಿ ಗಡಿಯಾರಕ್ಕೆ ಇರುವ ಪಾತ್ರವನ್ನು ಜನ ಮರೆಯುತ್ತಾರೆ. ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಲೆಕ್ಕ ಕೊಟ್ಟ. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ಹಾಕಿ ನೋಡೋಣ. ಕುಕ್ಕೆ ಸುಬ್ರಹ್ಮಣ್ಯದಿಂದ 1712 ಮೀಟರಿನ ನೆತ್ತಿಗೆ ಸುಮಾರು 12–13 ಕಿಲೋಮೀಟರ್, ಏರು 1500 ಮೀಟರಿಗಿಂತ ಜಾಸ್ತಿ. ದೂರಕ್ಕೆ ಎರಡೂವರೆ ಗಂಟೆ, ಏರಿಗೆ ಎರಡೂವರೆ ಗಂಟೆ. ಒಟ್ಟು ಐದು. ಇದು ಎಲ್ಲೂ ಕೂರದೆ, ಚೆನ್ನಾಗಿ ರೂಢಿ ಇರುವವರು ನಡೆದರೆ. ಬ್ಯಾಗು ಹೊತ್ತು, ದಾರಿಯಲ್ಲಿ ಸಿಗುವ ಭಟ್ಟರ ಮನೆಯಲ್ಲಿ ಉಂಡು, ಕಲ್ಲು ಮಂಟಪದಲ್ಲಿ ಕೂತು, ಶೇಷ ಪರ್ವತದಲ್ಲಿ ಫೋಟೋ ತೆಗೆದುಕೊಂಡು ಹೋಗುವವರಿಗೆ ಏಳೆಂಟು ಗಂಟೆ ಬೇಕು.

ಈ ಲೆಕ್ಕ ಸಮಯಕ್ಕೆ ಮಾತ್ರ ಅಲ್ಲ, ಜಾಗ ಗುರುತಿಸಲೂ ಬೇಕು. ಮುಂದಿನ ಗುರುತು 40 ನಿಮಿಷಕ್ಕೆ ಸಿಗಬೇಕಿತ್ತು, ಒಂದು ಗಂಟೆ ನಡೆದರೂ ಸಿಗಲಿಲ್ಲ ಅಂದರೆ ಏನೋ ತಪ್ಪಿದೆ. ಗಡಿಯಾರ ನೋಡದವರು ಎರಡು ಗಂಟೆ ನಡೆದ ಮೇಲೆ ಅನುಮಾನ ಪಡುತ್ತಾರೆ. ಡಿಸೆಂಬರ್ ಮೊದಲ ವಾರದಲ್ಲಿ ನಮ್ಮಲ್ಲಿ ಸಂಜೆ ಆರು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ, ಅರ್ಧ ಗಂಟೆಯೊಳಗೆ ಗವ್ವೆನ್ನುವ ಕತ್ತಲೆ. ಶೋಲಾದೊಳಗೆ ಅದಕ್ಕಿಂತ ಮುಂಚೆಯೇ.

ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಏರೋಪ್ಲೇನ್ ಮೋಡ್‌ನಲ್ಲೂ ನೀವಿರುವ ಜಾಗ ತೋರಿಸುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಹೊರಡುವಾಗಲೇ ನಡೆದ ದಾರಿ ದಾಖಲಾಗುವ ಹಾಗೆ ಆ್ಯಪ್ ಚಾಲೂ ಮಾಡಿ. ಮುಂದಿನ ದಾರಿಗಿಂತ ಬಂದ ದಾರಿಯ ಗೆರೆಯೇ ಕಷ್ಟಕಾಲದಲ್ಲಿ ಕೈಹಿಡಿಯುತ್ತದೆ. ಯಾರೋ ಹಾಕಿದ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಅವರು ದಾರಿ ತಪ್ಪಿ ಅಲೆದದ್ದೂ ಅದರಲ್ಲಿ ಸೇರಿರಬಹುದು. ಮರದ ದಟ್ಟಣೆಯಲ್ಲಿ, ಕಿರಿದಾದ ಕಣಿವೆಯಲ್ಲಿ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುವುದೂ ಇದೆ.

ದಿಕ್ಸೂಚಿ ಇಟ್ಟುಕೊಳ್ಳುವುದು ಒಳ್ಳೆಯದು. ಕರ್ನಾಟಕದಲ್ಲಿ ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಗಿಂತ ಜಾಸ್ತಿ ಅಂತರ ಇಲ್ಲ, ಹಾಗಾಗಿ ನಡಿಗೆಗೆ ಯಾವ ತಿದ್ದುಪಡಿಯೂ ಬೇಡ. ಕುದುರೆಮುಖದ ಸುತ್ತ ಮಾತ್ರ ಒಂದಲ್ಲ ಎರಡು ಕಡೆ ನಿಂತು ನೋಡಿ. 2005ರ ಕೊನೆಯವರೆಗೂ ಅಲ್ಲಿ ಗಣಿಯಿಂದ ತೆಗೆಯುತ್ತಿದ್ದದ್ದು ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರು. ಅಂಥ ಕಲ್ಲು ಹತ್ತಿರ ಇದ್ದರೆ ಮುಳ್ಳನ್ನು ಎಳೆಯಬಲ್ಲದು.

ಪಾಚಿ ಬೆಳೆದ ಬದಿ ಉತ್ತರ ಅನ್ನುವುದು ನಮ್ಮ ಮಲೆನಾಡಿಗೆ ಹೇಳಿದ್ದಲ್ಲ, ಇಲ್ಲಿ ಮರದ ಸುತ್ತಲೂ ಪಾಚಿ. ನಡುಹಗಲಿನ ನೆರಳು ಚಳಿಗಾಲದಲ್ಲಿ ಉತ್ತರಕ್ಕೆ ಬೀಳುತ್ತದೆ, ನಿಜ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೇ ಬರುವುದರಿಂದ ಆಗ ಅದೂ ಉಪಯೋಗಕ್ಕಿಲ್ಲ.

ಮಂಜು ಕವಿದಾಗ, ದಾರಿ ತಪ್ಪಿದಾಗ

ಘಟ್ಟದ ಮಂಜು ಪಶ್ಚಿಮದ ಕಣಿವೆಯಿಂದ ಏರಿ ಬರುತ್ತದೆ. ಹತ್ತು ನಿಮಿಷದ ಹಿಂದೆ ಅರಬ್ಬೀ ಸಮುದ್ರದವರೆಗೆ ಕಾಣುತ್ತಿದ್ದದ್ದು, ಈಗ ಮುಂದಿನವರ ಬೆನ್ನಷ್ಟೇ. ಇಂಥ ಹೊತ್ತಿನಲ್ಲಿ "ನೇರ ಹೋಗೋಣ" ಅನ್ನುವುದು ಮನುಷ್ಯರ ಕೈಲಿ ಆಗದ ಕೆಲಸ. 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಜನರನ್ನು ಜರ್ಮನಿಯ ಕಾಡಿನಲ್ಲೂ ಟುನೀಶಿಯಾದ ಮರುಭೂಮಿಯಲ್ಲೂ ನಡೆಸಿ ನೋಡಿದರು. ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ಜನ ಹೆಚ್ಚುಕಡಿಮೆ ನೇರವಾಗಿ ನಡೆದರು. ಮೋಡ ಮುಚ್ಚಿದಾಗ ಗೊತ್ತಿಲ್ಲದೆಯೇ ಸುತ್ತು ಹೊಡೆದು ಬಂದ ಜಾಗಕ್ಕೇ ಬಂದರು. ಕಣ್ಣು ಕಟ್ಟಿ ಬಿಟ್ಟಾಗ ಸುತ್ತಿನ ಅಗಲ 20 ಮೀಟರಿಗೆ ಇಳಿದದ್ದೂ ಉಂಟು. ಇಷ್ಟಾದರೂ ತಾವು ನೇರ ಹೋಗುತ್ತಿದ್ದೇವೆ ಅಂತಲೇ ಅವರಿಗೆ ಅನ್ನಿಸುತ್ತಿತ್ತು.

ಹಾಗಾಗಿ ಮಂಜಿನಲ್ಲಿ ನಂಬಬೇಕಾದದ್ದು ಕಾಲಿಗೆ ಸಿಗುವ ಆಕಾರವನ್ನು. ಬೆನ್ನಿನ ಮೇಲಿದ್ದರೆ ಎರಡೂ ಕಡೆ ಇಳಿಜಾರು ಇದೆಯಾ ಅಂತ ನೋಡುತ್ತಾ ಹೋಗಬಹುದು. ಅಗಲವಾದ, ಚಪ್ಪಟೆಯಾದ ಹುಲ್ಲುಗಾವಲಿನಲ್ಲಿದ್ದರೆ ಕೂತು ಬಿಡಿ. ಮಂಜು ಎಷ್ಟೋ ಸಲ ಅರ್ಧ ಗಂಟೆಯಲ್ಲಿ ಒಮ್ಮೆ ತೆರೆದುಕೊಳ್ಳುತ್ತದೆ. ಆ ಒಂದು ನಿಮಿಷದಲ್ಲಿ ನೆತ್ತಿ, ತಗ್ಗು, ಕಾಡಿನ ಅಂಚು ಎಲ್ಲಿವೆ ಅಂತ ನೋಡಿಟ್ಟುಕೊಳ್ಳಿ. ನಡೆಯಲೇಬೇಕಾಗಿ ಬಂದು, ಗುರಿ ಇರುವುದು ಅಡ್ಡಲಾಗಿ ಹೋಗುವ ಒಂದು ರಸ್ತೆಯ ಮೇಲೋ ಬೇಲಿಯ ಮೇಲೋ ಆಗಿದ್ದರೆ, ನೇರ ಗುರಿಗೆ ಹೋಗಬೇಡಿ. ಬೇಕೆಂದೇ ಅದರ ಎಡಕ್ಕೆ ಸರಿದು ನಡೆಯಿರಿ. ರಸ್ತೆ ಸಿಕ್ಕಾಗ ಬಲಕ್ಕೆ ತಿರುಗಬೇಕು ಅಂತ ಅನುಮಾನವೇ ಇರುವುದಿಲ್ಲ. ನೇರ ಹೋಗಿದ್ದರೆ ರಸ್ತೆ ಸಿಕ್ಕ ಮೇಲೂ ಎಡವೋ ಬಲವೋ ಅಂತ ಒದ್ದಾಡಬೇಕಿತ್ತು.

ದಾರಿ ತಪ್ಪಿದೆ ಅನ್ನಿಸಿದಾಗ ಬರುವ ಮೊದಲ ಯೋಚನೆ "ಇನ್ನೊಂದು ಸ್ವಲ್ಪ ಮುಂದೆ ಹೋದರೆ ಸಿಗುತ್ತೆ" ಅನ್ನುವುದು. ಹತ್ತಿದ ಎತ್ತರ ಕಳೆದುಕೊಳ್ಳಲು, ನಡೆದದ್ದನ್ನು ಮತ್ತೆ ನಡೆಯಲು ಯಾರಿಗೂ ಮನಸ್ಸಿರುವುದಿಲ್ಲ. ಗುಂಪಿನಲ್ಲಂತೂ ಹಿಂದೆ ಹೋಗೋಣ ಅಂತ ಮೊದಲು ಹೇಳಲು ಎಲ್ಲರಿಗೂ ಮುಜುಗರ. ನನ್ನ ಪ್ರಕಾರ ಹೊರಡುವ ಮುಂಚೆಯೇ ಒಪ್ಪಂದ ಆಗಿರಬೇಕು: ಗುಂಪಿನಲ್ಲಿ ಒಬ್ಬರಿಗೆ ಅನುಮಾನ ಬಂದರೂ ಎಲ್ಲರೂ ನಿಲ್ಲಬೇಕು. ನಿಂತು, ಖಂಡಿತವಾಗಿ ಸರಿ ಇದ್ದ ಕೊನೆಯ ಜಾಗ ಯಾವುದು ಅಂತ ಮಾತಾಡಿ, ಅಲ್ಲಿಗೆ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಅಡ್ಡದಾರಿ ಹಿಡಿದು ಸೇರಿಕೊಳ್ಳುವ ಪ್ರಯತ್ನ ಬೇಡ.

ವಾಪಸ್ ಹೋಗುವುದು ಸುಲಭವಾಗಬೇಕಾದರೆ ಬರುವಾಗಲೇ ಹಿಂತಿರುಗಿ ನೋಡಿರಬೇಕು. ಒಂದೇ ಕವಲು ಹತ್ತುವಾಗ ಒಂದು ಥರ, ಇಳಿಯುವಾಗ ಇನ್ನೊಂದು ಥರ. ಹತ್ತುವಾಗ ಎರಡು ದಾರಿ ಬಂದು ಸೇರಿದ್ದು ಗಮನಕ್ಕೇ ಬಂದಿರುವುದಿಲ್ಲ, ಇಳಿಯುವಾಗ ಅಲ್ಲಿ ಕವಲು ನಿಂತಿರುತ್ತದೆ. ಪ್ರತಿ ಕವಲಿನಲ್ಲೂ ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ.

ಕತ್ತಲಾದರೆ ನಡೆಯಬೇಡಿ. ಇರುವ ಬಟ್ಟೆಯೆಲ್ಲ ಹಾಕಿಕೊಂಡು, ಹಳ್ಳದಿಂದ ದೂರ, ಗಾಳಿ ತಡೆಯುವ ಕಡೆ ಕೂತಿರಿ. ವಿಸಿಲ್ ಇದ್ದರೆ ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಡಿ, ಮತ್ತೆ ಊದಿ. ಬೆಟ್ಟಗಳಲ್ಲಿ ಸಹಾಯ ಕೇಳಲು ಬಳಸುವ ಕರೆ ಅದು. ಟಾರ್ಚನ್ನೂ ಹೀಗೇ ಮಿನುಗಿಸಬಹುದು. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗಬಹುದು. ಕರೆ ಸಿಕ್ಕಾಗ "ಒಂದು ದೊಡ್ಡ ಮರದ ಹತ್ತಿರ ಇದ್ದೇವೆ" ಅಂದರೆ ಯಾರಿಗೂ ತಿಳಿಯುವುದಿಲ್ಲ. ಫೋನ್ ತೋರಿಸುವ ಅಕ್ಷಾಂಶ, ರೇಖಾಂಶ ಓದಿ ಹೇಳಿ. ಚುಕ್ಕೆಯ ನಂತರದ ಎರಡು ಅಂಕಿ ಹೇಳಿದರೆ ಹುಡುಕುವವರಿಗೆ ಸುಮಾರು 1 ಕಿಲೋಮೀಟರ್ ಒಳಗಿನ ಜಾಗ ಸಿಗುತ್ತದೆ. ಮೂರು ಹೇಳಿದರೆ ನೂರು ಮೀಟರ್, ನಾಲ್ಕು ಹೇಳಿದರೆ ಹತ್ತು-ಹನ್ನೊಂದು ಮೀಟರ್. ನಾಲ್ಕನ್ನೂ ಹೇಳಿ, ಅವರಿಂದ ಮತ್ತೆ ಹೇಳಿಸಿ.

ಮೊದಲ ಸಲ ಹೋಗುವವರು ಜನವರಿಯ ಆಸುಪಾಸು ಹೋಗುವುದು ಒಳ್ಳೆಯದು. ಹುಲ್ಲು ಒಣಗಿ ಬಾಗಿರುತ್ತದೆ, ದಾರಿ ಕಾಣುತ್ತದೆ, ಆಕಾಶ ತಿಳಿಯಾಗಿರುತ್ತದೆ. ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು, ಗೈಡ್ ಬೇಕು ಅಂದ ಕಡೆ ಗೈಡ್ ಜೊತೆಗೇ ಹೋಗಿ. ಅವರ ಹಿಂದೆ ನಡೆಯುವಾಗ ಯಾಕೆ ಈ ಕವಲು ಬಿಟ್ಟಿರಿ ಅಂತ ಕೇಳುತ್ತಾ ಹೋಗಿ, ಖುಷಿಯಿಂದ ಹೇಳಿಕೊಡುತ್ತಾರೆ. ತಪ್ಪಲಿನಲ್ಲಿ ಉಳಿದುಕೊಂಡ ಮನೆಯವರ ಕೈಗೆ ಒಂದು ಚೀಟಿ ಬರೆದು ಕೊಡಿ: ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್, ಎಷ್ಟು ಹೊತ್ತಾದರೂ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಬೇರೆ ಕಡೆಯಿಂದ ಇಳಿದು ನೇರ ಊರಿಗೆ ಹೊರಟರೆ ಬಸ್ಸು ಹತ್ತುವ ಮುಂಚೆಯೇ ಅವರಿಗೆ ತಿಳಿಸಿ. ಇಲ್ಲದಿದ್ದರೆ ನೀವು ಬಸ್ಸಿನಲ್ಲಿ ನಿದ್ದೆ ಮಾಡುತ್ತಿರುವಾಗ ಆ ಹಳ್ಳಿಯವರು ಟಾರ್ಚ್ ಹಿಡಿದು ನಿಮ್ಮನ್ನು ಹುಡುಕಲು ಬೆಟ್ಟ ಹತ್ತುತ್ತಿರುತ್ತಾರೆ.